ಆಲ್ ವೀಲ್ ಡ್ರೈವ್ ಕಾರಿನ ಬ್ರೇಕ್ ಟೆಸ್ಟ್: ರೋಲರ್ ಹತ್ತಿಸುವ ಮುಂಚೆ ಗೊತ್ತಿರಬೇಕಾದ್ದು

ಮಂಗಳೂರು, ಉಡುಪಿ ಕಡೆ ಈಗ 15 ವರ್ಷ ತುಂಬಿದ, ತುಂಬುತ್ತಿರುವ ದೊಡ್ಡ ಗಾಡಿಗಳು ಸುಮಾರಿವೆ. 2009ರಲ್ಲಿ ಬಂದ ಮೊದಲ ಫಾರ್ಚುನರ್, ಅದೇ ಕಾಲದ ಹೋಂಡಾ ಸಿಆರ್‌-ವಿ, 2011ರ ಎಕ್ಸ್‌ಯುವಿ 500. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದಿನ 5 ವರ್ಷಕ್ಕೆ ಆರ್‌ಸಿ ನವೀಕರಿಸಬೇಕೆಂದರೆ ಗಾಡಿಯನ್ನು ಪರೀಕ್ಷೆಗೆ ಒಯ್ಯಲೇಬೇಕು. ಹಳದಿ ಬೋರ್ಡಿನವರಿಗೆ ಇದು ಹೊಸದಲ್ಲ. ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪಿನವರಿಗೆ ಎಫ್‌ಸಿ ತಾರೀಕು ಬಾಯಿಪಾಠ ಇರುತ್ತದೆ.

ಮೊದಲೆಲ್ಲ ಇನ್‌ಸ್ಪೆಕ್ಟರ್ ಸುತ್ತ ಬಂದು ನೋಡಿ, ಸ್ವಲ್ಪ ದೂರ ಓಡಿಸಿ ಬ್ರೇಕ್ ಒತ್ತಿದರೆ ಕೆಲಸ ಮುಗಿಯುತ್ತಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮಗಳು ಸೇರಿದವು. ಅಲ್ಲಿಂದ ಕಣ್ಣಂದಾಜಿನ ಜಾಗಕ್ಕೆ ಯಂತ್ರ ಬರುತ್ತಿದೆ. ಬ್ರೇಕಿನ ಮಟ್ಟಿಗೆ ಆ ಯಂತ್ರ ಎಂದರೆ ರೋಲರ್. ಸ್ವಿಫ್ಟ್, ಐ20 ತರದ ಗಾಡಿಯನ್ನು ಅದರ ಮೇಲೆ ನಿಲ್ಲಿಸಿ ನೀವು ಚಾ ಕುಡಿದು ಬರಬಹುದು. ಇಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿಯಾದರೆ ಮಾತ್ರ ಪಕ್ಕದಲ್ಲೇ ನಿಂತಿರಿ.

ರೋಲರ್ ಮೇಲೆ ಆಗುವುದೇನು?

ನೆಲದಲ್ಲಿ ಎಡಕ್ಕೊಂದು, ಬಲಕ್ಕೊಂದು ಜೋಡಿ ರೋಲರ್ ಇರುತ್ತವೆ. ಮುಂದಿನ ಎರಡು ಚಕ್ರ ಅದರಲ್ಲಿ ಕೂರುತ್ತವೆ, ಹಿಂದಿನವು ನೆಲದ ಮೇಲೆ. ಮೋಟರ್ ರೋಲರನ್ನು ತಿರುಗಿಸುತ್ತದೆ. ವೇಗ ನಾವು ನಡೆಯುವಷ್ಟೇ. ಬ್ರೇಕ್ ಒತ್ತಿದಾಗ ಚಕ್ರ ರೋಲರನ್ನು ಎಷ್ಟು ಬಲವಾಗಿ ತಡೆಯುತ್ತದೆ ಎಂಬುದನ್ನು ಯಂತ್ರ ಎಡಕ್ಕೆ, ಬಲಕ್ಕೆ ಬೇರೆ ಬೇರೆಯಾಗಿ ಅಳೆಯುತ್ತದೆ. ಆಮೇಲೆ ಗಾಡಿ ಮುಂದೆ ಸರಿಸಿ ಹಿಂದಿನ ಚಕ್ರಗಳಿಗೂ ಇದೇ ಪರೀಕ್ಷೆ.

ಆಲ್ ವೀಲ್ ಡ್ರೈವ್‌ನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಜೋಡಿಕೊಂಡಿರುತ್ತವೆ. ಹಾಗಾಗಿ ರೋಲರ್ ಮುಂದಿನ ಚಕ್ರ ತಿರುಗಿಸಿದರೆ ಆ ಬಲ ಹಿಂದಕ್ಕೂ ಓಡುತ್ತದೆ. ಆಗ ಮೂರರಲ್ಲಿ ಒಂದು ಆಗಬಹುದು.

ಗಾಡಿ ರೋಲರ್‌ನಿಂದ ಎಗರಿ ಈಚೆ ಬರಬಹುದು. ಮುಂದೆ ಯಾರಾದರೂ ನಿಂತಿದ್ದರೆ ಕಥೆ ಮುಗಿಯಿತು.

ಗಾಡಿ ಎಗರದೆ ನಿಂತರೆ ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ನಡುವಿನ ಕಪ್ಲಿಂಗ್ ಪೆಟ್ಟು ತಿನ್ನುತ್ತದೆ. ಅದರ ಕ್ಲಚ್ ಪ್ಲೇಟು, ಎಣ್ಣೆ ಬಿಸಿಯಾಗುತ್ತವೆ. ಬದಲಿಸುವ ಖರ್ಚು ಬ್ರೇಕ್ ಪ್ಯಾಡಿನ ಖರ್ಚಿನಂತಲ್ಲ, ಗ್ಯಾರೇಜಿನವರು ಬೆಲೆ ಹೇಳುವ ಮುಂಚೆ ನಿಮ್ಮನ್ನು ಕೂರಿಸುತ್ತಾರೆ.

ಮೂರನೆಯದು ಕಣ್ಣಿಗೆ ಕಾಣುವುದೇ ಇಲ್ಲ, ನನ್ನ ಪ್ರಕಾರ ಅದೇ ಜಾಸ್ತಿ ಅಪಾಯ. ಗಾಡಿಯೂ ಎಗರಲಿಲ್ಲ, ಏನೂ ಮುರಿಯಲಿಲ್ಲ, ಆದರೆ ಅಂಕಿ ಸುಳ್ಳು. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರದ ಬ್ರೇಕೂ ಹಿಡಿಯುತ್ತದೆ, ಆ ಹಿಡಿತ ಶಾಫ್ಟಿನ ಮೂಲಕ ಮುಂದಕ್ಕೆ ಬಂದು ಮುಂದಿನ ಬ್ರೇಕಿನ ಲೆಕ್ಕಕ್ಕೆ ಸೇರುತ್ತದೆ. ಮುಂದಿನ ಪ್ಯಾಡ್ ಸವೆದಿದ್ದರೂ ಪಾಸ್. ಇದರ ಉಲ್ಟಾವೂ ಇದೆ. ಪೆಡಲ್ ಮುಟ್ಟದೆ ಇದ್ದಾಗಲೂ ಯಂತ್ರ ಹಿಡಿತ ತೋರಿಸುತ್ತದೆ, ಬ್ರೇಕ್ ಜಾಮ್ ಆಗಿದೆ ಎಂದು ಸುಮ್ನೆ ಫೇಲ್ ಮಾಡುತ್ತಾರೆ.

ಹಂತ 1: ನಿಮ್ಮ ಗಾಡಿ ಯಾವ ಗುಂಪಿನದು?

ಡಿಕ್ಕಿಯ ಮೇಲಿನ ಬ್ಯಾಡ್ಜ್ ನೋಡಿ ತೀರ್ಮಾನಿಸಬೇಡಿ. ಒಳಗಿನ ಲಿವರ್ ಅಥವಾ ಗುಂಡಿ ನೋಡಿ.

ಲಿವರ್ ಮೇಲೆ 2ಎಚ್, 4ಎಚ್, 4ಎಲ್ ಎಂದಿದ್ದರೆ ಅದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್. ಜಿಪ್ಸಿ, ಥಾರ್, ಜಿಮ್ನಿ, 2016ರ ನಂತರದ ಫಾರ್ಚುನರ್ ಫೋರ್ ಬೈ ಫೋರ್ ಎಲ್ಲ ಈ ಗುಂಪಿನವು. 2ಎಚ್‌ಗೆ ಹಾಕಿದರೆ ಮುಂದಿನ ಚಕ್ರಕ್ಕೆ ಸಂಬಂಧ ತಪ್ಪುತ್ತದೆ. ಅಲ್ಲಿಗೆ ಅದು ಬರೀ ಹಿಂದಿನ ಚಕ್ರದ ಗಾಡಿ, ಮಾಮೂಲಿ ರೋಲರ್ ಸಾಕು. ಕಷ್ಟ ಇರುವುದು ಕಾಡಿನ ಕೆಸರು ತಿಂದ ಹಳೆಯ ಜೀಪುಗಳಲ್ಲಿ. ಲಿವರ್ 2ಎಚ್‌ಗೆ ಬಂದಿರುತ್ತದೆ, ಒಳಗಿನ ಗಿಯರ್ ಬಿಟ್ಟಿರುವುದಿಲ್ಲ. ನಾಲ್ಕೈದು ಮೀಟರ್ ಹಿಂದೆ ಮುಂದೆ ಓಡಿಸಿ, ಡ್ಯಾಶ್‌ಬೋರ್ಡಿನ ದೀಪ ಆರಿದೆಯೇ ನೋಡಿ. ದೀಪವೇ ಇಲ್ಲದ ಜೀಪಾದರೆ ಟಾರು ರಸ್ತೆಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಚಲಿಸಿ. ಗಾಡಿ ಜಗ್ಗಿದಂತೆ, ಯಾರೋ ಹಿಂದಿನಿಂದ ಹಿಡಿದಂತೆ ಆದರೆ ಫೋರ್ ವೀಲ್ ಇನ್ನೂ ಹಿಡಿದೇ ಇದೆ. ಗೊತ್ತಾದ ಕೂಡಲೇ ನಿಲ್ಲಿಸಿ, ಜಾಸ್ತಿ ಸುತ್ತಬೇಡಿ.

ಎರಡನೇ ಗುಂಪು ಬೇಕಾದಾಗ ಮಾತ್ರ ತಾನಾಗಿ ಹಿಂದಕ್ಕೆ ಶಕ್ತಿ ಕಳಿಸುವಂಥದ್ದು. ಡಸ್ಟರ್ ಆಲ್ ವೀಲ್ ಡ್ರೈವ್, ಎಕ್ಸ್‌ಯುವಿ 500, ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ನ ಹಾಲ್ಡೆಕ್ಸ್ ಎಂಬ ಕಪ್ಲಿಂಗ್ ಇರುವ ಗಾಡಿಗಳು ಇದಕ್ಕೆ ಸೇರುತ್ತವೆ. ಡಸ್ಟರ್‌ನಲ್ಲಿ ಟೂ ವೀಲ್, ಆಟೋ, ಲಾಕ್ ಎಂಬ ಗುಂಡಿ ಇದೆ, ಪುಣ್ಯ. ಬೇರೆ ಎಷ್ಟೋ ಗಾಡಿಗಳಲ್ಲಿ ಆಟೋ ಬಿಟ್ಟು ಕೆಳಗೆ ಇಳಿಯುವ ದಾರಿಯೇ ಇಲ್ಲ. ಆಟೋದಲ್ಲಿದೆ ಎಂದ ಮಾತ್ರಕ್ಕೆ ಸಂಬಂಧ ತಪ್ಪಿದೆ ಎಂದಲ್ಲ. ಮುಂದಿನ ಚಕ್ರ ತಿರುಗಿ ಹಿಂದಿನದು ನಿಂತಿದ್ದರೆ, ಚಕ್ರ ಕೆಸರಿನಲ್ಲಿ ಜಾರುತ್ತಿದೆ ಎಂದು ಗಾಡಿಗೆ ಅನ್ನಿಸುವುದು ಸಹಜ. ಹಳೆಯ ಸಿಆರ್‌-ವಿ ಇನ್ನೊಂದು ಬಗೆ. ಅದರ ಹಿಂದಿನ ಹೌಸಿಂಗ್‌ನಲ್ಲಿ ಎರಡು ಎಣ್ಣೆ ಪಂಪುಗಳಿವೆ. ಒಂದು ಮುಂದಿನ ಚಕ್ರದ ವೇಗಕ್ಕೆ, ಇನ್ನೊಂದು ಹಿಂದಿನ ಚಕ್ರದ ವೇಗಕ್ಕೆ ತಿರುಗುತ್ತದೆ. ವೇಗದಲ್ಲಿ ವ್ಯತ್ಯಾಸ ಬಂದರೆ ಎಣ್ಣೆಯ ಒತ್ತಡ ಏರಿ ಕ್ಲಚ್ ಹಿಡಿಯುತ್ತದೆ. ಇಂಜಿನ್ ಆಫ್ ಮಾಡಿದರೂ ಪಂಪಿಗೆ ಅದು ಗೊತ್ತಾಗುವುದಿಲ್ಲ.

ಮೂರನೆಯದು ಸದಾ ನಾಲ್ಕೂ ಚಕ್ರ ಓಡಿಸುವಂಥದ್ದು. ನಡುವೆ ಟಾರ್ಸೆನ್ ಎಂಬ ಗಿಯರ್ ಜೋಡಣೆ ಇರುವ ಆಡಿ ಕ್ವಾಟ್ರೊ, ಲ್ಯಾಂಡ್ ಕ್ರೂಸರ್, ಡಿಫೆಂಡರ್. ನಮ್ಮೂರಲ್ಲಿ ಮೋಸ ಹೋಗುವುದು 2009ರ ಫಾರ್ಚುನರ್ ಫೋರ್ ಬೈ ಫೋರ್ ವಿಷಯದಲ್ಲಿ. ಹೆಸರು ಅದೇ, ಒಳಗೆ ಬೇರೆ. ಆ ಮೊದಲ ತಲೆಮಾರಿನ ಲಿವರ್‌ನಲ್ಲಿ 2ಎಚ್ ಇಲ್ಲವೇ ಇಲ್ಲ. ಹೊಸ ಫಾರ್ಚುನರ್ ನೋಡಿದ ಆಪರೇಟರ್ "ಟೂ ಎಚ್‌ಗೆ ಹಾಕಿ" ಎಂದರೆ ಹಾಕುವುದಾದರೂ ಎಲ್ಲಿಗೆ?

ಎರಡು ಮೋಟರಿನ ಎಲೆಕ್ಟ್ರಿಕ್ ಗಾಡಿಗಳು ನಾಲ್ಕನೆಯವು. 2025ರಲ್ಲಿ ಬಂದ ಹ್ಯಾರಿಯರ್ ಇವಿ ಕ್ವಾಡ್ ವೀಲ್ ಡ್ರೈವ್ ಇದಕ್ಕೆ ಉದಾಹರಣೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಶಾಫ್ಟ್ ಇಲ್ಲ, ಹಾಗಾಗಿ ಬಲ ದಾಟುವ ಭಯ ಇಲ್ಲ. ಆದರೆ ಎರಡೇ ಚಕ್ರ ತಿರುಗುವುದನ್ನು ಕಂಡು ಸಾಫ್ಟ್‌ವೇರ್ ಗಾಬರಿ ಬೀಳಬಹುದು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಉಳಿದದ್ದಕ್ಕೆ ಕಂಪನಿಯ ಕೈಪಿಡಿ ನೋಡಿ.

ಹಂತ 2: ಹಿಂದಿನ ದಿನ ಮಾಡುವುದು

ಓನರ್ಸ್ ಮ್ಯಾನ್ಯುಯಲ್ ತೆಗೆಯಿರಿ. ಬ್ರೇಕ್ ಟೆಸ್ಟ್, ಡೈನಮೋಮೀಟರ್, ಟೋಯಿಂಗ್ ಎಂಬ ಮೂರು ತಲೆಬರಹ ಹುಡುಕಿ. ರೋಲರ್ ಮೇಲೆ ಹಾಕಬಹುದೇ, ಹಾಕಿದರೆ ಎಷ್ಟು ವೇಗದವರೆಗೆ, ಇಂಜಿನ್ ಆನ್ ಇರಬೇಕೇ ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಆ ಪುಟದ ಫೋಟೊ ಮೊಬೈಲ್‌ನಲ್ಲಿರಲಿ. ಬ್ರೇಕ್ ಟೆಸ್ಟಿನ ಬಗ್ಗೆ ಏನೂ ಇಲ್ಲದಿದ್ದರೆ ಟೋಯಿಂಗ್ ಪುಟ ಸುಳಿವು ಕೊಡುತ್ತದೆ. ಎರಡು ಚಕ್ರ ಎತ್ತಿ ಎರಡು ಚಕ್ರ ನೆಲದಲ್ಲಿ ಎಳೆಯಬೇಡಿ ಎಂದಿದ್ದರೆ ಕಾರಣ ಇದೇ. ಶಿರಾಡಿ ಘಾಟಿಯಲ್ಲಿ ಗಾಡಿ ಕೆಟ್ಟು ನಿಂತಾಗಲೂ ಈ ಪುಟ ನೆನಪಿರಲಿ, ಅಂಥ ಗಾಡಿಗೆ ಫ್ಲಾಟ್‌ಬೆಡ್ಡೇ ಬೇಕು.

ಟಯರ್ ನೋಡಿ. ನಾಲ್ಕೂ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಮುಂದೆ ಹೊಸದು, ಹಿಂದೆ ಬೋಳು ಇದ್ದರೆ ಎರಡರ ಸುತ್ತಳತೆ ಬೇರೆಯಾಗುತ್ತದೆ, ಕಪ್ಲಿಂಗ್‌ಗೆ ರಸ್ತೆಯಲ್ಲೇ ವಿಶ್ರಾಂತಿ ಇರುವುದಿಲ್ಲ. ಗಾಳಿ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುವಷ್ಟೇ ಹಾಕಿಸಿ.

ಇನ್ನು ನಮ್ಮ ಕರಾವಳಿಯ ದೊಡ್ಡ ಶತ್ರು ತುಕ್ಕು. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಮನೆ ಇದ್ದರೆ ಉಪ್ಪು ಗಾಳಿ ಬ್ರೇಕ್ ಪೈಪನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ಎರಡು ದಿನ ಗಾಡಿ ತೆಗೆಯದಿದ್ದರೆ ಸಾಕು, ಡಿಸ್ಕ್ ಮೇಲೆ ಕೆಂಪು ಪೊರೆ ಬಂದಿರುತ್ತದೆ. ಅದೇ ಸ್ಥಿತಿಯಲ್ಲಿ ಟೆಸ್ಟಿಗೆ ನಿಂತರೆ ಎಡಬಲ ಅಂಕಿ ಏರುಪೇರಾಗುತ್ತದೆ. ಹೋಗುವ ದಾರಿಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಕೆಲವು ಸಲ ಮೆಲ್ಲನೆ ಬ್ರೇಕ್ ಒತ್ತಿ ಡಿಸ್ಕ್ ಉಜ್ಜಿಕೊಳ್ಳಲಿ. ಹಿಂದೆ ಡ್ರಮ್ ಇದ್ದರೆ ಇದು ಸಾಲದು. ಡ್ರಮ್ ಬಿಚ್ಚಿಸಿ ಲೈನರ್, ವೀಲ್ ಸಿಲಿಂಡರ್ ನೋಡಿಸಿ. ಕೆಂಪು ಕಲ್ಲಿನ ಧೂಳು ನೀರು ಸೇರಿ ಒಳಗೆ ಹೆಪ್ಪುಗಟ್ಟಿ ಕೂತಿರುತ್ತದೆ.

ಹಂತ 3: ಮೊದಲು ಬಾಯಿಬಿಟ್ಟು ಹೇಳಿ

ಸಾಲಿನಲ್ಲಿ ಹತ್ತಾರು ಆಟೊ, ಟೆಂಪೊ ನಿಂತಿರುತ್ತವೆ. ಆಪರೇಟರ್‌ಗೆ ಅವಸರ. ಕೀ ಕೈಗೆ ಕೊಡುವಾಗಲೇ ವಿಷಯ ಹೇಳದಿದ್ದರೆ ಗಾಡಿ ರೋಲರ್ ಹತ್ತಿಯಾಗಿರುತ್ತದೆ. ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ಸರ್, ಇದು ಆಲ್ ವೀಲ್ ಡ್ರೈವ್."

"ಗೊತ್ತುಂಟು ಮಾರಾಯ್ರೆ, ಫೋರ್ ಬೈ ಫೋರ್ ಅಲ್ವಾ? ಟೂ ಎಚ್‌ಗೆ ಹಾಕಿ, ಸಾಕು."

"ಇದರಲ್ಲಿ ಟೂ ಎಚ್ ಇಲ್ಲ ಸರ್. ಯಾವಾಗಲೂ ನಾಲ್ಕೂ ಚಕ್ರ ಎಳೆಯುತ್ತದೆ. ನಿಮ್ಮ ಮಿಷನ್‌ನಲ್ಲಿ ಫೋರ್ ವೀಲ್ ಮೋಡ್ ಉಂಟಾ?"

ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಜಗಳದ ಧಾಟಿ ಬೇಡ, ಮ್ಯಾನ್ಯುಯಲ್‌ನ ಫೋಟೊ ತೋರಿಸಿದರೆ ಅರ್ಧ ಕೆಲಸ ಆಯಿತು. ಒಪ್ಪದಿದ್ದರೆ ಮೇಲಿನವರನ್ನು ಕೇಳಿ, ಆ ದಿನ ಗಾಡಿ ವಾಪಸ್ ತಂದರೂ ನಷ್ಟವಿಲ್ಲ.

ಇದೇ ಉಸಿರಿನಲ್ಲಿ ಸ್ಪೀಡೊಮೀಟರ್ ಟೆಸ್ಟ್ ಇದೆಯೇ ಎಂದೂ ಕೇಳಿ. ಬ್ರೇಕಿನ ರೋಲರನ್ನು ಮೋಟರ್ ತಿರುಗಿಸುತ್ತದೆ, ಅದೂ ನಿಧಾನ. ಸ್ಪೀಡೊಮೀಟರ್ ರೋಲರನ್ನು ಗಾಡಿಯೇ ತನ್ನ ಇಂಜಿನ್ನಿನಿಂದ ವೇಗವಾಗಿ ತಿರುಗಿಸುತ್ತದೆ. ನೆಲದ ಮೇಲಿರುವ ಚಕ್ರಗಳಿಗೂ ಶಕ್ತಿ ಹೋಗುವ ಗಾಡಿ ಅಲ್ಲಿ ನಿಲ್ಲುವುದಿಲ್ಲ, ನೇರ ಗೋಡೆಗೆ ಹೊರಡುತ್ತದೆ. ನಾಲ್ಕೂ ಚಕ್ರಕ್ಕೆ ರೋಲರ್ ಇಲ್ಲದ ಕಡೆ ಸದಾ ನಾಲ್ಕು ಚಕ್ರದ ಗಾಡಿಯನ್ನು ಇದಕ್ಕೆ ಹತ್ತಿಸಲೇಬಾರದು.

ಹಂತ 4: ಸರಿಯಾದ ವಿಧಾನ ಆರಿಸುವುದು

ಫೋರ್ ವೀಲ್ ಮೋಡ್ ಇರುವ ರೋಲರ್ ಒಂದು ಜಾಣ ಕೆಲಸ ಮಾಡುತ್ತದೆ. ಎಡದ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಬಲದ್ದನ್ನು ಅದೇ ವೇಗದಲ್ಲಿ ಹಿಂದಕ್ಕೆ ತಿರುಗಿಸುತ್ತದೆ. ಎರಡು ಚಕ್ರದ ವೇಗದ ಸರಾಸರಿ ಎಷ್ಟೋ, ಆ್ಯಕ್ಸಲ್‌ನ ಡಿಫರೆನ್ಶಿಯಲ್ (ಎಡಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್) ಅಷ್ಟಕ್ಕೆ ತಕ್ಕಂತೆ ಶಾಫ್ಟ್ ತಿರುಗಿಸುತ್ತದೆ. ಒಂದು ಮುಂದೆ, ಒಂದು ಹಿಂದೆ ಎಂದರೆ ಸರಾಸರಿ ಸೊನ್ನೆ. ಶಾಫ್ಟ್ ಅಲ್ಲಾಡುವುದಿಲ್ಲ, ಇನ್ನೊಂದು ಆ್ಯಕ್ಸಲ್‌ಗೆ ಬಲ ಹೋಗುವುದಿಲ್ಲ. ಅಳತೆ ತೆಗೆಯುವುದು ಮುಂದಕ್ಕೆ ತಿರುಗುವ ಚಕ್ರದ್ದು ಮಾತ್ರ. ಆಮೇಲೆ ದಿಕ್ಕು ಅದಲು ಬದಲು ಮಾಡಿ ಇನ್ನೊಂದರದ್ದು. ಹೊರಗೆ ನಿಂತು ನೋಡಿದರೆ ಒಂದು ಚಕ್ರ ಹಿಂದಕ್ಕೆ ಸುತ್ತುವುದು ಕಾಣುತ್ತದೆ. ಗಾಬರಿ ಬೇಡ, ನೀವು ಕೇಳಿದ್ದು ಅದನ್ನೇ. ಇಂಜಿನ್ ಐಡಲ್‌ನಲ್ಲಿ, ಗಿಯರ್ ನ್ಯೂಟ್ರಲ್‌ನಲ್ಲಿರಲಿ. ಇಂಜಿನ್ ಓಡದಿದ್ದರೆ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗದೆ ಪೆಡಲ್ ಕಲ್ಲಿನಂತಾಗುತ್ತದೆ, ಅಂಕಿಯೂ ಕೆಳಗಿಳಿಯುತ್ತದೆ. ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಅದೇ ಅಂತಿಮ. ಎಡಬಲ ಚಕ್ರ ಬೇರೆ ಬೇರೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಅಥವಾ ಲಾಕ್ ಆ್ಯಕ್ಸಲ್‌ನಲ್ಲೇ ಇರುವ ಗಾಡಿಗೆ ಈ ಉಪಾಯ ನಡೆಯುವುದಿಲ್ಲ.

ಪ್ಲೇಟ್ ಟೆಸ್ಟರ್ ಸಿಕ್ಕಿದರೆ ನನ್ನ ಓಟು ಅದಕ್ಕೆ. ನೆಲದಲ್ಲಿ ಅಳತೆಯ ತಗಡುಗಳಿರುತ್ತವೆ. ಗಾಡಿಯನ್ನು ನಿಧಾನ ಓಡಿಸಿಕೊಂಡು ಬಂದು ಅವುಗಳ ಮೇಲೆ ಬ್ರೇಕ್ ಒತ್ತುವುದು. ರಸ್ತೆಯಲ್ಲಿ ಆಗುವಂತೆಯೇ ನಾಲ್ಕೂ ಚಕ್ರ ಒಟ್ಟಿಗೆ ನಿಲ್ಲುವುದರಿಂದ ಯಾವ ಬಗೆಯ ಡ್ರೈವ್ ಆದರೂ ಚಿಂತೆಯಿಲ್ಲ. ಓಡಿಸುವವರ ಕಾಲು ಮಾತ್ರ ಹದವಾಗಿರಬೇಕು. ತಡವಾಗಿ ಒತ್ತಿದರೆ ತಗಡು ದಾಟಿಹೋಗುತ್ತದೆ.

ಎರಡೂ ಇಲ್ಲವೆಂದರೆ ಡಿಸೆಲರೋಮೀಟರ್ ಇಟ್ಟು ರಸ್ತೆಯಲ್ಲಿ ನೋಡುವುದು. ಬ್ರಿಟನ್‌ನ ಎಂಒಟಿ ಎಂಬ ವಾಹನ ತಪಾಸಣೆಯಲ್ಲಿ ಸದಾ ನಾಲ್ಕು ಚಕ್ರದ ಗಾಡಿಗಳನ್ನು ಮಾಮೂಲಿ ರೋಲರ್‌ಗೆ ಹಾಕುವಂತಿಲ್ಲ, ಪ್ಲೇಟ್ ಅಥವಾ ಇದೇ ಮೀಟರ್ ಬಳಸುತ್ತಾರೆ. ಗಾಡಿ ಎಷ್ಟು ಬೇಗ ವೇಗ ಕಳೆದುಕೊಳ್ಳುತ್ತದೆ ಎಂಬುದನ್ನು ಅದು ಗುರುತ್ವದ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಶೇಕಡಾ 50 ಎಂದರೆ ಏನೆಂದು ಅಂದಾಜಿಗೆ: ಗಂಟೆಗೆ 30 ಕಿಮೀ ವೇಗದಿಂದ ಬ್ರೇಕ್ ಹಿಡಿದ ಮೇಲೆ ಸುಮಾರು 7 ಮೀಟರ್‌ನಲ್ಲಿ ಗಾಡಿ ನಿಲ್ಲುತ್ತದೆ.

ಇದಕ್ಕೆ ಒಣಗಿದ, ಸಮತಟ್ಟಾದ, ಖಾಲಿ ರಸ್ತೆ ಬೇಕು. ಮಂಗಳೂರಿನಲ್ಲಿ ಅದನ್ನು ಹುಡುಕುವುದೇ ಒಂದು ಟೆಸ್ಟ್. ಕದ್ರಿ, ಬಿಕರ್ನಕಟ್ಟೆ ಕಡೆ ಒಂದೋ ಏರು, ಇಲ್ಲ ಇಳಿಜಾರು. ಏರಿನಲ್ಲಿ ಬ್ರೇಕ್ ಒಳ್ಳೆಯದೆಂದೂ ಇಳಿಜಾರಿನಲ್ಲಿ ಕೆಟ್ಟದೆಂದೂ ಮೀಟರ್ ಹೇಳುತ್ತದೆ. ಬೀಚ್ ರಸ್ತೆ ಸಮತಟ್ಟು, ಆದರೆ ಟಾರಿನ ಮೇಲೆ ಮರಳು. ಹೆದ್ದಾರಿ 66ರ ಮಾತೇ ಬೇಡ, ಹಿಂದೆ ಬರುವ ಬಸ್ಸಿನವರಿಗೆ ನಿಮ್ಮ ಟೆಸ್ಟಿನ ಸುದ್ದಿ ಗೊತ್ತಿರುವುದಿಲ್ಲ. ಕೇಂದ್ರದ ಆವರಣದಲ್ಲೇ ಜಾಗ ಇದ್ದರೆ ಒಳ್ಳೆಯದು. ಮೀಟರ್ ಗಾಡಿಯೊಳಗಿನ ನೆಲದ ಮೇಲೆ ಅಲುಗಾಡದಂತೆ ಕೂರಬೇಕು, ಡಿಕ್ಕಿಯ ಜಾಕಿ, ಹಿಂದಿನ ಸೀಟಿನ ನೀರಿನ ಬಾಟ್ಲಿ ಎಲ್ಲ ತೆಗೆದಿಡಬೇಕು. ಈ ಮೀಟರ್ ಎಡಬಲದ ವ್ಯತ್ಯಾಸ ಹೇಳುವುದಿಲ್ಲ. ಬ್ರೇಕ್ ಒತ್ತುವಾಗ ಸ್ಟೇರಿಂಗನ್ನು ಹಗುರಾಗಿ ಹಿಡಿದು, ಗಾಡಿ ಯಾವ ಕಡೆ ಎಳೆಯುತ್ತದೆ ಎಂದು ಓಡಿಸುವವರೇ ಗಮನಿಸಬೇಕು.

ಹಂತ 5: ಹ್ಯಾಂಡ್ ಬ್ರೇಕ್

ಹೆಚ್ಚಿನ ಗಾಡಿಗಳಲ್ಲಿ ಇದು ಹಿಂದಿನ ಚಕ್ರಕ್ಕೆ. ವಿಲ್ಲೀಸ್ ಕಾಲದ ಜೀಪ್, ಹಳೆಯ ಲ್ಯಾಂಡ್ ರೋವರ್‌ಗಳಲ್ಲಿ ಮಾತ್ರ ಚಕ್ರದಲ್ಲಿರದೆ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟ್ ಮೇಲೆ ಡ್ರಮ್ ಇರುತ್ತದೆ. ಅಂಥದ್ದನ್ನು ರೋಲರ್ ಮೇಲೆ ಎಳೆಯಬಾರದು, ಹಿಡಿತದ ಪೆಟ್ಟು ಪೂರ್ತಿ ಶಾಫ್ಟಿನ ಜಾಯಿಂಟಿಗೆ ಬೀಳುತ್ತದೆ. ಓಡುವಾಗ ಎಳೆದು ನೋಡುವುದೂ ಬೇಡ. ಗುಂಡಿ ಒತ್ತುವ ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕ್ ಇದ್ದರೆ, ಕೆಲವು ಗಾಡಿಗಳು ರೋಲರ್ ಮೇಲಿದ್ದೇನೆ ಎಂದು ತಾವೇ ಗುರುತಿಸಿ ಹಂತ ಹಂತವಾಗಿ ಹಿಡಿಯುತ್ತವೆ. ಮೊದಲ ಒತ್ತಿಗೆ ಅಂಕಿ ಕಡಿಮೆ ಬಂದರೆ ಇನ್ನೊಮ್ಮೆ ಒತ್ತಲು ಹೇಳಿ.

ಹಂತ 6: ಕಾಗದದ ಅಂಕಿ ಓದುವುದು

ಲೆಕ್ಕ ಸುಲಭ. ನಾಲ್ಕೂ ಚಕ್ರದ ಬಲ ಕೂಡಿಸಿ, ಗಾಡಿಯ ತೂಕದಿಂದ ಭಾಗಿಸಿ, 100ರಿಂದ ಗುಣಿಸಿ. ಉದಾಹರಣೆಗೆ 1600 ಕೆಜಿ ಗಾಡಿ. ಮುಂದೆ 290 ಮತ್ತು 275, ಹಿಂದೆ 150 ಮತ್ತು 140 ಕೆಜಿ ಬಲ ಬಂತು ಎನ್ನಿ. ಒಟ್ಟು 855, ಅಂದರೆ ಶೇಕಡಾ 53. ಕೆಲವು ಯಂತ್ರಗಳು ಬಲವನ್ನು ನ್ಯೂಟನ್‌ನಲ್ಲಿ ಅಚ್ಚುಹಾಕುತ್ತವೆ, 9.8ರಿಂದ ಭಾಗಿಸಿದರೆ ಕೆಜಿ ಲೆಕ್ಕ ಸಿಗುತ್ತದೆ. ಎಡಬಲ ವ್ಯತ್ಯಾಸಕ್ಕೆ ದೊಡ್ಡದರಿಂದ ಚಿಕ್ಕದನ್ನು ಕಳೆದು ದೊಡ್ಡದರಿಂದ ಭಾಗಿಸಿ. ಇಲ್ಲಿ ಮುಂದೆ ಶೇಕಡಾ 5, ಹಿಂದೆ 7ರ ಹತ್ತಿರ. ಬ್ರಿಟನ್‌ನಲ್ಲಿ ಇದು 30 ದಾಟಿದರೆ ಫೇಲ್. ನಮ್ಮ ಮಳೆಯ ರಸ್ತೆಗೆ ನಾನಾದರೆ 15ಕ್ಕೇ ಗ್ಯಾರೇಜಿಗೆ ಹೋಗುತ್ತೇನೆ.

ಪೆಡಲ್ ಬಿಟ್ಟ ಮೇಲೂ ಹಿಡಿತ ಇದೆ ಎಂದು ಕಾಗದ ಹೇಳಿದರೆ, ಕೂಡಲೇ ಕ್ಯಾಲಿಪರ್ ಬದಲಿಸಲು ಒಪ್ಪಬೇಡಿ. ಮೊದಲು ಯಾವ ಮೋಡ್‌ನಲ್ಲಿ ಟೆಸ್ಟ್ ಮಾಡಿದರು ಎಂದು ಕೇಳಿ. ಆಮೇಲೆ ಗ್ಯಾರೇಜಿನಲ್ಲಿ ನಾಲ್ಕೂ ಚಕ್ರ ನೆಲ ಬಿಡುವಂತೆ ಲಿಫ್ಟ್‌ನಲ್ಲಿ ಎತ್ತಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಒಂದೊಂದೇ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಲಿ. ಎದುರಿನ ಚಕ್ರ ಹಿಂದಕ್ಕೆ ತಿರುಗಬಹುದು, ಶಾಫ್ಟ್ ಸುತ್ತಬಹುದು, ಅದು ಸಹಜ. ಒಂದೇ ಚಕ್ರ ಬಿಗಿ, ಡಿಸ್ಕ್ ಪ್ಯಾಡಿಗೆ ಉಜ್ಜುವ ಸದ್ದು ಬಂದರೆ ದೋಷ ಬ್ರೇಕಿನದು, ಅದೂ ನಮ್ಮ ಕಡೆ ಹೆಚ್ಚಾಗಿ ತುಕ್ಕು ಹಿಡಿದ ಸ್ಲೈಡ್ ಪಿನ್ನಿನದು. ನಾಲ್ಕೂ ಹಗುರಾಗಿ ತಿರುಗಿದರೆ ಯಂತ್ರ ಅಳೆದದ್ದು ಕಪ್ಲಿಂಗ್ ಹಿಡಿತವನ್ನು. ಗ್ಯಾರೇಜಿನವರಿಂದ ಅಷ್ಟನ್ನು ಬರೆಸಿಕೊಂಡು ಮರುಪರೀಕ್ಷೆಗೆ ಹೋಗಿ, ಈ ಸಲ ಪ್ಲೇಟ್ ಅಥವಾ ಫೋರ್ ವೀಲ್ ಮೋಡ್‌ನಲ್ಲೇ ಮಾಡಿಸಿ.